ನೆಲ ಕರಗುವವರೆಗೆ

ನಿಂಬೆಹಣ್ಣಿನಿಂದ ಮೂರು ಸಲ ಕೈ ತಿಕ್ಕಿಕೊಂಡು ಬಂದಿದ್ದೆ,
ಆದರೂ ಕಾಡ್ ಮೀನಿನ ವಾಸನೆ ಉಗುರ ಸಂದಿಯಲ್ಲಿ ಕೂತೇ ಇತ್ತು.
ಜೊವಿಲಿನ್ ಆ ಕೈಯನ್ನೇ ಹಿಡಿದಳು.
ನೋವು ಬಂದಾಗ ಹಿಂಡಿದಳು, ಇಳಿದಾಗ ಮೂಸಿ ನೋಡಿ
'ಇವತ್ತೂ ಪಾಳಿಗೆ ಹೋಗಿದ್ದೆಯಾ?' ಎಂದಳು.
ಹೋಗಿದ್ದೆ. ಮೇಸ್ತ್ರಿಯ ಹತ್ತಿರ ರಜೆ ಕೇಳಲು
ಸರಿಯಾದ ಪದ ಸಿಕ್ಕಿರಲಿಲ್ಲ.

ಕಿಟಕಿಯಾಚೆ ಜನವರಿ.
ಐಸ್‌ಲ್ಯಾಂಡಿನ ಈ ಕೊಲ್ಲಿಯೂರಿನಲ್ಲಿ ಎರಡು ತಿಂಗಳಿಂದ
ಸೂರ್ಯ ಬೆಟ್ಟದ ಬೆನ್ನಿಗೇ ನಡೆದುಹೋಗುತ್ತಾನೆ, ಮುಖ ತೋರುವುದಿಲ್ಲ.
ಮಧ್ಯಾಹ್ನಕ್ಕೆ ಒಂದಿಷ್ಟು ನೀಲಿ, ಮತ್ತೆ ಕಪ್ಪು.
ಥೋರ್ದಿಸ್ ಬಂದಳು. ಉದ್ದನೆಯ ಹೆಂಗಸು, ಉಣ್ಣೆಯ ಕಾಲುಚೀಲ.
ಸೂಲಗಿತ್ತಿಗೆ ಇವರ ಮಾತಿನಲ್ಲಿ ಬೆಳಕಿನ ತಾಯಿ ಎಂದು ಹೆಸರು.
ಬಂದವಳೇ ಮೊದಲು ದೊಡ್ಡ ದೀಪ ಆರಿಸಿದಳು.
'ಇಷ್ಟು ಸಾಕು.'

ನನ್ನ ಹೆಸರು ಇಲ್ಲಿ ಯಾರ ಬಾಯಲ್ಲೂ ನಿಲ್ಲುವುದಿಲ್ಲ.
ಎಲ್ಪಿಡಿಯೊ. ಅಜ್ಜನದು, ಅಜ್ಜನ ದೋಣಿಯ ಮೇಲೂ ಬರೆದಿತ್ತು.
ಕಾರ್ಖಾನೆಯಲ್ಲಿ ಮೊದಲ ದಿನವೇ ಬಾಲ ಕತ್ತರಿಸಿ 'ಎಲ್ಲಿ' ಮಾಡಿದರು.
ಆರು ವರ್ಷದಿಂದ ನಾನು ಎಲ್ಲಿ.
'ಎಲ್ಲಿ, ಇಲ್ಲಿ ಬಾ,' ಎಂದಳು ಥೋರ್ದಿಸ್,
'ತಲೆ ಕಾಣುತ್ತಿದೆ, ನೋಡು.'

ನಮ್ಮ ದ್ವೀಪದಲ್ಲಿ ಗಂಡಸರು ನೋಡುವುದಿಲ್ಲ.
ಅಮ್ಮನ ಐದೂ ಹೆರಿಗೆಯಲ್ಲಿ ಅಪ್ಪ ಮೆಟ್ಟಿಲ ಕೆಳಗೆ ಕೂತು
ಹರಿಯದ ಬಲೆಯನ್ನು ಹೊಲಿದನಂತೆ.
ನನ್ನ ಕೈಯಲ್ಲಿ ಬಲೆಯಿಲ್ಲ, ಇಲ್ಲಿ ಮೆಟ್ಟಿಲೂ ಇಲ್ಲ.
ನೋಡಿದೆ.

ಒದ್ದೆ ಕೂದಲು, ಒಂದು ನಾಣ್ಯದಷ್ಟು ಅಗಲ.
ಒಳಗೆ ಹೋಯಿತು. ಮತ್ತೆ ಬಂತು,
ಹೊಸ್ತಿಲಲ್ಲಿ ನಿಂತು, ಚಪ್ಪಲಿ ಬಿಡಲೋ ಬೇಡವೋ ಎನ್ನುವ ನೆಂಟರ ಹಾಗೆ.
ಜೊವಿಲಿನ್ ತನಗೆ ಬರುವ ಬೈಗುಳವನ್ನೆಲ್ಲ ಬೈದಳು,
ನನ್ನನ್ನು, ಹಿಮವನ್ನು,
ವಿಮಾನದ ಟಿಕೆಟ್ಟಿಗೆ ಸಾಲ ಕೊಟ್ಟ ನನ್ನ ಅಕ್ಕನನ್ನು.
ಥೋರ್ದಿಸ್‌ಗೆ ಒಂದೂ ತಿಳಿಯಲಿಲ್ಲ;
ಪ್ರತಿಯೊಂದಕ್ಕೂ 'ಹೌದು, ಹೌದು' ಎಂದಳು,
ಉಸಿರು ಒಳಗೆಳೆದುಕೊಳ್ಳುತ್ತಲೇ, ಇಲ್ಲಿಯವರು ಅನ್ನುವ ಹಾಗೆ.

ಆಮೇಲೆ, ಹೇಗೆ ಹೇಳಲಿ, ಜಾರಿತು.
ತಲೆ, ಒಂದು ಭುಜ, ಉಳಿದದ್ದೆಲ್ಲ ಒಟ್ಟಿಗೆ.
ಬೂದಿ ಬಣ್ಣ. ಸದ್ದಿಲ್ಲ.
ಪಾಳಿಗೆ ಸಾವಿರ ಮೀನು ಮುಟ್ಟುವವನು ನಾನು,
ಅಲುಗದ ಒದ್ದೆ ಮೈ ಎಂದರೇನೆಂದು ನನಗೆ ಗೊತ್ತು.
ಬೇಡ, ಎಂದೆ. ಯಾರಿಗೆ ಎಂದೆನೋ.
ಥೋರ್ದಿಸ್ ಟವೆಲಿನಿಂದ ಬೆನ್ನು ಉಜ್ಜಿದಳು,
ಇನ್ನೊಮ್ಮೆ, ಒರಟಾಗಿ, ತಳ ಹತ್ತಿದ ಪಾತ್ರೆ ಉಜ್ಜುವ ಹಾಗೆ.
ಕೂಗಿತು.
ಕೂಗುತ್ತ ಕೂಗುತ್ತ ಕೆಂಪಾಯಿತು, ಪಾದದವರೆಗೆ.

ಕತ್ತರಿ ನನ್ನ ಕೈಗೆ ಕೊಟ್ಟಳು.
ಹೊಕ್ಕುಳಬಳ್ಳಿ ಬೊಂಡಾಸದ ಕಾಲಿನಷ್ಟು ಗಟ್ಟಿ.
ಎರಡು ಸಲ ಕತ್ತರಿಸಬೇಕಾಯಿತು.

ಮಾಸು ಬಂದಾಗ, ಅದು ನನಗೆ ಬೇಕು ಎಂದೆ.
ಅದಕ್ಕೆ ಇವರ ಪದ ತಿಳಿಯದು; ಬೆರಳು ತೋರಿಸಿ, ಅಗೆಯುವ ಹಾಗೆ ಕೈಯಾಡಿಸಿದೆ.
ನಮ್ಮಲ್ಲಿ ಮನೆಯ ಮಗ್ಗುಲಿಗೇ ಹೂಳುತ್ತೇವೆ,
ಜೊತೆಗೊಂದು ಪೆನ್ಸಿಲು, ಒಂದು ಬಿಳಿ ಹಾಳೆ, ಮಗುವಿಗೆ ವಿದ್ಯೆ ಹತ್ತಲಿ ಎಂದು.
ಥೋರ್ದಿಸ್ ಕಿಟಕಿಯತ್ತ ನೋಡಿದಳು.
'ನೆಲ ಈಗ ಕಲ್ಲು, ಎಲ್ಲಿ. ಮೇ ತಿಂಗಳವರೆಗೆ ಗುದ್ದಲಿ ಇಳಿಯುವುದಿಲ್ಲ.'
ಒಳಗೆ ಹೋಗಿ ಖಾಲಿ ಐಸ್‌ಕ್ರೀಮ್ ಡಬ್ಬಿ ತಂದಳು,
ತೊಳೆದು ಒರೆಸಿದ್ದು,
ಮುಚ್ಚಳದ ಮೇಲೆ ಸ್ಟ್ರಾಬೆರಿಯ ಚಿತ್ರ.

ಈಗ ಅದು ನಮ್ಮ ಫ್ರೀಜರಿನಲ್ಲಿದೆ,
ಬಟಾಣಿಯ ಪೊಟ್ಟಣಕ್ಕೂ
ಕ್ರಿಸ್ಮಸ್‌ಗೆ ಕಾರ್ಖಾನೆ ಕೊಟ್ಟ ಕುರಿಕಾಲಿಗೂ ನಡುವೆ.
ಪೆನ್ಸಿಲು ಚೂಪು ಮಾಡಿ ಇಟ್ಟಿದ್ದೇನೆ.
ಹೂಳಿದೆಯಾ, ಎಂದು ಅಮ್ಮ ಫೋನಿನಲ್ಲಿ ಕೇಳಿದಳು.
ಹೂಳಿದೆ, ಎಂದೆ.

ಮಗುವಿಗೆ ಹೆಸರು ಇನ್ನೂ ಆಗಿಲ್ಲ.
ಇಲ್ಲಿ ಮನೆತನದ ಹೆಸರು ನಡೆಯುವುದಿಲ್ಲ, ಅಪ್ಪನ ಹೆಸರೇ ಬೆನ್ನಿಗೆ ಬರುತ್ತದೆ.
ಆಸ್ಪತ್ರೆಯ ತೊಟ್ಟಿಲಿಗೆ ಅಂಟಿಸಿದ ಚೀಟಿಯಲ್ಲಿ
ಥೋರ್ದಿಸ್ ತನಗೆ ತಿಳಿದಂತೆ ಬರೆದಿದ್ದಳು:
ಎಲ್ಲಿಯ ಮಗಳು.
ಹೊರಡುವಾಗ ಅದನ್ನು ಮೆಲ್ಲಗೆ ಬಿಡಿಸಿ ತಂದೆ.
ಡಬ್ಬಿಯ ಮೇಲೆ ಅಂಟಿಸಿದ್ದೇನೆ,
ಯಾರಾದರೂ ಐಸ್‌ಕ್ರೀಮ್ ಎಂದು ತೆರೆದಾರು.